ಮಹಾಪೂರದ ಸೀಮೆಯೂ ಮೀಸಲು ತರಂಗಾಂತರವೂ

ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಹಾಗೂ ವಿಪತ್ತು ಸ್ಪಂದನ ಪಡೆಗಳಿಗೆ ಪ್ರತ್ಯೇಕ ನಿಸ್ತಂತು ಜಾಲವೊಂದು ಬೇಕೆಂದು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2018ರ ಜೂನ್‌ನಲ್ಲಿ ಮಾಡಿದ ಶಿಫಾರಸು ತತ್ತ್ವದಲ್ಲಿ ಸರಿಯಾದುದು, ವಿವರಗಳಲ್ಲಿ ಅಪೂರ್ಣವಾದುದು. ತರಂಗಾಂತರ, ಅಂದರೆ ಸ್ಪೆಕ್ಟ್ರಂ, ಎಂಬುದು ರೇಡಿಯೊ ಅಲೆಗಳು ಸಂಚರಿಸುವ ಆವರ್ತನಗಳ ಶ್ರೇಣಿ. ಅದರಲ್ಲಿ ರಕ್ಷಣಾ ಸಿಬ್ಬಂದಿಗೆ ಸಿಕ್ಕಿರುವುದು ಮಾತಿಗಷ್ಟೇ ಸಾಲುವ ಕಿರಿದಾದ ವೈರ್‌ಲೆಸ್ ಚಾನೆಲ್‌ಗಳು. ಈ ಕೊರತೆಯನ್ನು ನೀಗಲೆಂದು ಪ್ರಾಧಿಕಾರವು 800 ಮೆಗಾಹರ್ಟ್ಸ್ ಶ್ರೇಣಿಯಲ್ಲಿ ಕಳುಹಿಸಲು 10, ಸ್ವೀಕರಿಸಲು 10 ಮೆಗಾಹರ್ಟ್ಸ್‌ಗಳನ್ನು ದೇಶದಾದ್ಯಂತ ಉಚಿತವಾಗಿ ಮೀಸಲಿಡುವಂತೆ ಹೇಳಿತು. ಈ ಶ್ರೇಣಿಯ ಅಲೆಗಳು ಹೆಚ್ಚು ದೂರ ಸಾಗುವುದರಿಂದ ಕಡಿಮೆ ಟವರ್‌ಗಳಲ್ಲಿ ವಿಶಾಲವಾದ ಹಳ್ಳಿಗಾಡನ್ನು ತಲುಪಬಹುದು. ನಕ್ಷೆ, ಚಿತ್ರ, ವಿಡಿಯೊಗಳೂ ಅದರಲ್ಲಿ ಹರಿಯಬಲ್ಲವು. ಆಯ್ಕೆಯ ವಿಷಯದಲ್ಲಿ ತಕರಾರಿಗೆ ಎಡೆಯಿಲ್ಲ.

ತಕರಾರು ಹುಟ್ಟುವುದು ಆ ಜಾಲ ಎಲ್ಲಿಗೆ ಬರುತ್ತದೆಂಬ ಪ್ರಶ್ನೆಯಲ್ಲಿ. ಮಹಾನಗರಗಳು, ಗಡಿ ಜಿಲ್ಲೆಗಳು ಹಾಗೂ ವಿಪತ್ತು ಸಂಭವ ಹೆಚ್ಚಿರುವ ಪ್ರದೇಶಗಳಲ್ಲಿ ಸರ್ಕಾರಿ ಸಂಸ್ಥೆಗಳ ಸ್ವತಂತ್ರ ಜಾಲ, ಉಳಿದೆಡೆ ಮೊಬೈಲ್ ಕಂಪನಿಗಳ ಜಾಲದ ಆಸರೆ ಎಂಬ ಮಿಶ್ರ ಮಾದರಿಯನ್ನು ಶಿಫಾರಸು ಮುಂದಿಟ್ಟಿದೆ. ಇಲ್ಲಿನ ಗಡಿ ಎಂದರೆ ದೇಶದ ಗಡಿ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಿಗಾದರೋ ರಾಜ್ಯದ ಗಡಿಯೇ ತೊಡಕಿನ ಮೂಲ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಮಹಾರಾಷ್ಟ್ರದ ಮಳೆಯನ್ನು ಹೊತ್ತು ಈ ಸೀಮೆಗೆ ಇಳಿಯುತ್ತವೆ; ಕೊಯ್ನಾ ಜಲಾಶಯದಿಂದ, ರಾಜಾಪುರ ಬ್ಯಾರೇಜಿನಿಂದ ಎಷ್ಟು ನೀರು ಬರುತ್ತಿದೆಯೆಂಬ ಸುದ್ದಿಯ ಮೇಲೆಯೇ ನದಿದಂಡೆಯ ಊರುಗಳನ್ನು ತೆರವುಗೊಳಿಸುವ ನಿರ್ಧಾರ ನಿಂತಿರುತ್ತದೆ. ನೀರಿಗೆ ಇಲ್ಲದ ಗಡಿ ವೈರ್‌ಲೆಸ್‌ಗೆ ಇದೆ: ಎರಡು ರಾಜ್ಯಗಳ ಪೊಲೀಸರ ಜಾಲಗಳು ಬೇರೆ ಬೇರೆ, ಮೊಬೈಲ್ ಸೇವೆಯ ವಲಯಗಳೂ ಬೇರೆ ಬೇರೆ.

2019ರ ಆಗಸ್ಟ್‌ನಲ್ಲಿ ಮಹಾಪೂರ ಬಂದಾಗ ಶಿಫಾರಸಿಗೆ ಹದಿನಾಲ್ಕು ತಿಂಗಳು ತುಂಬಿದ್ದವು. ಜಾಲ ಮಾತ್ರ ಇರಲಿಲ್ಲ. ನಿಪ್ಪಾಣಿಯ ಬಳಿ ಯಮಗರ್ಣಿಯಲ್ಲಿ ವೇದಗಂಗೆ ಉಕ್ಕಿ ಪುಣೆ–ಬೆಂಗಳೂರು ಹೆದ್ದಾರಿಯೇ ಮುಚ್ಚಿತು, 2021ರ ಜುಲೈನಲ್ಲಿ ಅದೇ ಮರುಕಳಿಸಿತು. ರೈಲು ಸಂಚಾರದ ಸುರಕ್ಷತೆಗೆಂದು 700 ಮೆಗಾಹರ್ಟ್ಸ್ ಶ್ರೇಣಿಯಲ್ಲಿ 5 ಮೆಗಾಹರ್ಟ್ಸ್ ನೀಡಲು ಕೇಂದ್ರ ಸಂಪುಟ ಒಪ್ಪಿದ್ದು ಈ ಎರಡನೆಯ ಪ್ರವಾಹಕ್ಕೆ ಕೆಲವೇ ವಾರಗಳ ಮುಂಚೆ, 2021ರ ಜೂನ್‌ನಲ್ಲಿ. ರೈಲ್ವೆಗೆ ಕೊಟ್ಟದ್ದು ಯೋಗ್ಯವೇ. ಆದರೆ ತುಂಬಿದ ಹೊಳೆಗೆ ದೋಣಿ ಇಳಿಸುವವರ ಪಾಲಿನ ನಿರ್ಧಾರ ಹಿಂದೆ ಬಿದ್ದದ್ದಕ್ಕೆ ಸಮರ್ಥನೆ ಸಿಗುವುದಿಲ್ಲ.

ಮೊಬೈಲ್ ಜಾಲದಲ್ಲೇ ರಕ್ಷಣಾ ಸಿಬ್ಬಂದಿಯ ಕರೆಗಳಿಗೆ ಆದ್ಯತೆ ಕೊಟ್ಟರೆ ಸಾಕಲ್ಲವೇ ಎಂಬ ವಾದವಿದೆ. ಅಮೆರಿಕವು 2012ರ ಕಾನೂನಿನ ಮೂಲಕ ಫಸ್ಟ್‌ನೆಟ್ ಎಂಬ ಜಾಲಕ್ಕೆ 20 ಮೆಗಾಹರ್ಟ್ಸ್ ಮೀಸಲಿಟ್ಟು, ಅದನ್ನು ಕಟ್ಟುವ ಹೊಣೆಯನ್ನು ಖಾಸಗಿ ಕಂಪನಿಗೇ ವಹಿಸಿದ್ದನ್ನು ಈ ವಾದದವರು ತೋರಿಸಬಹುದು. ಅಲ್ಲಿ ಮೀಸಲು ಮೊದಲು ಬಂತು, ಕಂಪನಿ ಆಮೇಲೆ ಬಂತು ಎಂಬುದನ್ನು ಮರೆಯಲಾಗದು. ಅದಲ್ಲದೆ ಆದ್ಯತೆ ಎಂಬುದು ಜೀವಂತ ಟವರ್‌ನಲ್ಲಿ ಸರತಿಯನ್ನು ಬದಲಿಸುತ್ತದೆಯೇ ಹೊರತು, ವಿದ್ಯುತ್ ಕಡಿದು, ಜನರೇಟರ್‌ಗೆ ಡೀಸೆಲ್ ಒಯ್ಯುವ ದಾರಿಯೂ ಮುಳುಗಿ ಆರಿಹೋದ ಟವರ್‌ಗೆ ಜೀವ ತುಂಬುವುದಿಲ್ಲ. ಆದ್ದರಿಂದ ಟವರ್ ಇಲ್ಲದೆಯೂ ಸೆಟ್‌ನಿಂದ ಸೆಟ್‌ಗೆ ನೇರ ಮಾತಾಡುವ ಸೌಲಭ್ಯ, ದಿನಗಟ್ಟಲೆ ನಿಲ್ಲುವ ಬ್ಯಾಟರಿ, ವಾಹನದ ಮೇಲೆ ಒಯ್ಯಬಹುದಾದ ಟವರ್ ಇವೆಲ್ಲ ತರಂಗಾಂತರದಷ್ಟೇ ಮುಖ್ಯ. ಈ ಸೀಮೆಯ ಪಾಲಬಾವಿಯಂಥ ಗ್ರಾಮದಿಂದ 112ಕ್ಕೆ ಹೋದ ಕರೆ ನಿಯಂತ್ರಣ ಕೊಠಡಿಯನ್ನು ಮುಟ್ಟಿದರೂ, ಅಲ್ಲಿಂದ ದೋಣಿಯಲ್ಲಿರುವವನಿಗೆ ಮಾತು ದಾಟದಿದ್ದರೆ ಆ ಕರೆಯಿಂದ ಫಲವಿಲ್ಲ. 2023ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಮೊಬೈಲ್‌ಗಳಲ್ಲಿ ಒಮ್ಮೆಲೇ ಮೊಳಗಿದ ಎಚ್ಚರಿಕೆ ಸಂದೇಶದ ಪರೀಕ್ಷೆ ಸ್ವಾಗತಾರ್ಹವಾದರೂ, ಅದು ಜನರಿಗೆ ತಿಳಿಸುವ ವ್ಯವಸ್ಥೆ. ರಕ್ಷಿಸುವವರು ಪರಸ್ಪರ ಮಾತಾಡುವ ವ್ಯವಸ್ಥೆಯಲ್ಲ.

ಕಾನೂನಿನ ಅಡ್ಡಿ ಈಗ ಉಳಿದಿಲ್ಲ. 2023ರ ದೂರಸಂಪರ್ಕ ಕಾಯ್ದೆಯ ಮೊದಲ ಅನುಸೂಚಿಯು ವಿಪತ್ತು ನಿರ್ವಹಣೆಗೆ ಹರಾಜಿಲ್ಲದೆ ತರಂಗಾಂತರ ಹಂಚಲು ಅವಕಾಶ ಕೊಡುತ್ತದೆ. ಐದು ವಲಯಗಳಲ್ಲಿ ಮೊದಲು ಪ್ರಯೋಗ ನಡೆಸಬೇಕೆಂದು ಪ್ರಾಧಿಕಾರವೇ ಸೂಚಿಸಿರುವಾಗ, ಅವುಗಳಲ್ಲಿ ಒಂದನ್ನು ಬೆಳಗಾವಿ, ಕೊಲ್ಲಾಪುರ, ಸಾಂಗಲಿ ಜಿಲ್ಲೆಗಳನ್ನು ಕೂಡಿಸಿ ರೂಪಿಸಬೇಕು; ಎರಡೂ ರಾಜ್ಯಗಳ ಸಿಬ್ಬಂದಿಗೆ ಒಂದೇ ಬಗೆಯ ಸೆಟ್, ಒಂದೇ ಸಮಾನ ಚಾನೆಲ್ ಕೊಟ್ಟು, ಮಳೆಗಾಲಕ್ಕೆ ಮುನ್ನ ಕೃಷ್ಣೆಯ ಎರಡೂ ದಂಡೆಗಳಲ್ಲಿ ತಾಲೀಮು ನಡೆಸಬೇಕು.