ಮೃದುಸ್ಪರ್ಶವೂ ಪ್ರಮಾದವೂ

ಲಿಂಡಾ ಟೆಲ್ಲಿಂಗ್ಟನ್-ಜೋನ್ಸ್ ಅವರ ‘ಗೆಟ್ಟಿಂಗ್ ಇನ್ ಟೀಟಚ್ ವಿತ್ ಯುವರ್ ಡಾಗ್’ ನಾಯಿಯ ಮೈಮೇಲೆ ಕೈಯಾಡಿಸುವ ಕ್ರಮವನ್ನು ಬೋಧಿಸುವ ಗ್ರಂಥ. ಮೋಶೆ ಫೆಲ್ಡನ್‌ಕ್ರೈಸ್ ಅವರಲ್ಲಿ ಕಲಿತ ಈ ಅಶ್ವಶಿಕ್ಷಕಿ 1970ರ ದಶಕದಿಂದ ತಮ್ಮ ವಿಧಾನವನ್ನು ರೂಪಿಸಿದರು. ಬೆರಳುಗಳಿಂದ ಚರ್ಮವನ್ನು ಒಂದೂಕಾಲು ಸುತ್ತು ಮೆಲ್ಲನೆ ಸರಿಸುವುದು, ಕಿವಿಯನ್ನು ಬುಡದಿಂದ ತುದಿಯವರೆಗೆ ನೀವುವುದು ಇದರ ಮುಖ್ಯ ಕ್ರಿಯೆಗಳು. ಪ್ರಾಣಿ ಒಲ್ಲದಿದ್ದರೆ ಬಲಾತ್ಕಾರವಿಲ್ಲ. ಈ ಸಂಯಮ ಶ್ಲಾಘ್ಯವೇ.

ಆದರೆ ಇದನ್ನೇ ಅಪಸ್ಮಾರಕ್ಕೂ ಮದ್ದೆಂದು ನಂಬುವವರೊಡನೆ ನನಗೆ ಸಮ್ಮತಿಯಿಲ್ಲ. ಅಪಸ್ಮಾರವು ಮಿದುಳಿನ ವಿದ್ಯುತ್‌ಕ್ಷೋಭೆ. ಬೆರಳಿನ ಸುತ್ತು ಅದನ್ನು ತಡೆಯುವುದೆಂಬುದಕ್ಕೆ ದೃಢವಾದ ಪ್ರಮಾಣವಿಲ್ಲ. ಸೆಳವಿನಲ್ಲಿರುವ ನಾಯಿ ತನಗರಿವಿಲ್ಲದೆ ಕಚ್ಚಬಹುದು. ಆಗ ಬಾಯಿಯ ಬಳಿಗೆ ಕೈಯೊಯ್ಯದೆ, ಸುತ್ತಲಿನ ಗಡುಸು ವಸ್ತುಗಳನ್ನು ಸರಿಸಿ ಗಡಿಯಾರ ನೋಡಬೇಕು. 5 ನಿಮಿಷ ಮೀರಿದರೆ ಕೂಡಲೇ ಪಶುವೈದ್ಯರು ಬೇಕು. ಫಿನೋಬಾರ್ಬಿಟಾಲ್ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಸೆಳವು ಉಲ್ಬಣಿಸಬಹುದು. ಸೆಳವು ಇಳಿದ ಮೇಲೆ ದಿಕ್ಕುಗೆಟ್ಟು ಅಲೆಯುವ ಪ್ರಾಣಿಗೆ ಪರಿಚಿತ ಕೈ ನೆಮ್ಮದಿ ಕೊಟ್ಟೀತು. ಸ್ಪರ್ಶದ ಸ್ಥಾನ ಅಲ್ಲಿ.

ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣ ಹೇಳುವಾಗ ಮೊದಲಿಗೇ ಪ್ರಮಾದವನ್ನು ಎತ್ತುತ್ತದೆ. ಮೃದುವಾದ ಕೈಯೂ ಪ್ರಮತ್ತವಾಗಬಲ್ಲದು. ಜೀವಂಧರನು ನಾಯಿಗೆ ಪಂಚನಮಸ್ಕಾರ ಮಂತ್ರವನ್ನು ಕೇಳಿಸಿದ ಕಥೆಯನ್ನು ಇಲ್ಲಿ ಮುಂದಿಡುವವರುಂಟು. ಆ ನಾಯಿ ಪೆಟ್ಟು ತಿಂದು ಸಾವಿನ ಅಂಚಿನಲ್ಲಿತ್ತು. ಔಷಧವಿರುವ ರೋಗಕ್ಕೆ ಆ ಕಥೆ ನೆಪವಾಗಬಾರದು. ಬಸದಿಯ ಟ್ರಸ್ಟುಗಳು ಜೀವದಯೆಯ ಲೆಕ್ಕದಲ್ಲಿ ಮೊದಲು ವೈದ್ಯರ ಶುಲ್ಕವನ್ನೂ ನಿತ್ಯದ ಮಾತ್ರೆಯನ್ನೂ ಬರೆದುಕೊಳ್ಳಲಿ. ಕೈಯಾಡಿಸುವುದಕ್ಕೆ ಖರ್ಚಿನ ಬಾಬ್ತೇ ಬೇಕಿಲ್ಲ.