ತುರ್ತು ಸಾಲ ತಾನಾಗಿ ಬರುವ ಆಟ

ಕಳ್ಳಂಬೆಳ್ಳ ಹೋಬಳಿಯಿಂದ ಬಸ್ಸು ಹತ್ತಿ ತುಮಕೂರಿಗೆ ಎಂಬಿಎ ಓದಲು ಹೋಗುವ ಹುಡುಗನಿಗೆ ಒಂದು ದಿನ ಕಂಪ್ಯೂಟರ್ ಪರದೆಯ ಮೇಲೆ ಕಂಪನಿಯೊಂದು ಸಿಗಬಹುದು. ಬೆಲೆ ಎಷ್ಟಿಡಬೇಕು, ಜಾಹೀರಾತಿಗೆ ಎಷ್ಟು ಸುರಿಯಬೇಕು, ಯಂತ್ರ ಕೊಳ್ಳಬೇಕೋ ಬೇಡವೋ, ಎಲ್ಲ ಅವನ ತಂಡದ್ದೇ ತೀರ್ಮಾನ. ಒಂದು ಸುತ್ತು ಮುಗಿದರೆ ಒಂದು ವರ್ಷ ಕಳೆದಂತೆ. ಅಮೆರಿಕದ ಮ್ಯಾನೇಜ್‌ಮೆಂಟ್ ಸಂಘವೊಂದು 1956ರಲ್ಲಿ ಅಧಿಕಾರಿಗಳಿಗೆಂದು ರೂಪಿಸಿದ ಆಟದಿಂದ ಬೆಳೆದುಬಂದ ಪದ್ಧತಿಯಿದು. ಉದ್ಯಮಶೀಲತೆಯನ್ನು ನೋಟ್ಸ್ ಬರೆಸಿ ಕಲಿಸುವುದಕ್ಕಿಂತ ಇದು ಮೇಲು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನಮ್ಮ ಮಕ್ಕಳಿಗೆ ಯಾವ ಆಟ ಬೇಕು ಎಂಬುದನ್ನು ಮಾತ್ರ ಯಾರೂ ಕೂತು ಯೋಚಿಸಿದಂತೆ ಕಾಣುವುದಿಲ್ಲ.

ಇಂಥ ಆಟಗಳಲ್ಲಿ ನನಗೆ ಅತ್ಯುತ್ತಮ ಅನ್ನಿಸುವುದು ಎಂಐಟಿಯಲ್ಲಿ 1960ರ ದಶಕದಲ್ಲಿ ಹುಟ್ಟಿದ ‘ಬಿಯರ್ ಗೇಮ್’. ಅದಕ್ಕೆ ಕಂಪ್ಯೂಟರೂ ಬೇಕಿಲ್ಲ. ಚಿಲ್ಲರೆ ಅಂಗಡಿ, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆ ಎಂದು ನಾಲ್ವರು ಕೂರುತ್ತಾರೆ. ಒಬ್ಬರೊಡನೊಬ್ಬರು ಮಾತಾಡುವಂತಿಲ್ಲ, ಚೀಟಿಯಲ್ಲಿ ಬೇಡಿಕೆ ಬರೆದು ಕಳಿಸಬೇಕು, ಮಾಲು ಬರಲು ವಾರಗಳು ಹಿಡಿಯುತ್ತವೆ. ಗಿರಾಕಿ ಮೊದಲು ವಾರಕ್ಕೆ 4 ಪೆಟ್ಟಿಗೆ ಕೇಳುತ್ತಾನೆ, ಐದನೆಯ ವಾರ 8ಕ್ಕೆ ಏರಿಸಿ ಅಲ್ಲೇ ನಿಲ್ಲುತ್ತಾನೆ. ಇಷ್ಟು ಸಣ್ಣ ಬದಲಾವಣೆಗೆ ಹಿಂದಿನ ಸಾಲಿನವರು ಗಾಬರಿಯಾಗಿ ಒಬ್ಬರಿಗಿಂತ ಒಬ್ಬರು ಹೆಚ್ಚು ಬರೆಯುತ್ತಾರೆ. ಕೊನೆಗೆ ಗೋದಾಮು ತುಂಬಿ ಎಲ್ಲರೂ ಮುಳುಗುತ್ತಾರೆ. ಗಿರಾಕಿಯೇ ಹುಚ್ಚಾಟ ಆಡಿದ ಎಂದು ಆಡಿದವರೆಲ್ಲ ನಂಬಿರುತ್ತಾರೆ. ಬೆಲೆ ಏರಿತೆಂದು ಊರಿಗೆ ಊರೇ ಟೊಮ್ಯಾಟೊ ನಾಟಿ ಮಾಡಿ, ಕೊಯ್ಲಿನ ಹೊತ್ತಿಗೆ ಕೂಲಿಯೂ ಗಿಟ್ಟದೆ ರಸ್ತೆ ಬದಿಗೆ ಸುರಿದು ಬಂದದ್ದನ್ನು ಕಂಡ ಹುಡುಗಿಗೆ ಈ ಆಟ ಅರ್ಧ ಗಂಟೆಯಲ್ಲಿ ಅರ್ಥವಾಗುತ್ತದೆ. ಆದರೆ ಅವಳಿಗೆ ಟೊಮ್ಯಾಟೊ ಕೊಡದೆ ಬಿಯರ್ ಪೆಟ್ಟಿಗೆಯನ್ನೇ ಕೊಡುತ್ತೇವೆ.

ಆಟದ ಮೂಲಕ ಉದ್ಯಮ ಕಲಿಸುವುದು ಕನ್ನಡ ನಾಡಿಗೆ ಹೊಸದೇನಲ್ಲ. 1982ರಲ್ಲಿ ಉಜಿರೆಯಲ್ಲಿ ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಸ್ವಉದ್ಯೋಗ ತರಬೇತಿಯಲ್ಲಿ ಬಳೆ ಎಸೆಯುವ ಆಟವಿದೆ, ಕಣ್ಣು ಕಟ್ಟಿಕೊಂಡು ಗೋಪುರ ಪೇರಿಸುವ ಆಟವಿದೆ. ಎಷ್ಟು ದೂರದಿಂದ ಎಸೆಯಬೇಕೆಂದು ನೀವೇ ಹೇಳಬೇಕು. ತೀರ ಹತ್ತಿರ ನಿಂತವನಿಗೂ ತೀರ ದೂರ ನಿಂತವನಿಗೂ ಅವರವರ ಸ್ವಭಾವ ಅಲ್ಲೇ ಗೊತ್ತಾಗುತ್ತದೆ. ಈ ಆಟಗಳ ಬೇರು 1964ರಲ್ಲಿ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಲೆಲೆಂಡ್ ಆಂಧ್ರದ ಕಾಕಿನಾಡದ ವ್ಯಾಪಾರಿಗಳೊಡನೆ ನಡೆಸಿದ ಪ್ರಯೋಗದ ಕಡೆಗೆ ಹೋಗುತ್ತದೆ. ಆಟದ ಬೆನ್ನಿಗೇ ಬ್ಯಾಂಕ್ ಸಾಲದ ದಾರಿಯೂ, ತರಬೇತಿ ಮುಗಿದ ಮೇಲೆ ವಿಚಾರಿಸಿಕೊಳ್ಳುವವರೂ ಇದ್ದದ್ದು ಉಜಿರೆಯ ತರಬೇತಿಯ ದೊಡ್ಡತನ. ವಿಶ್ವವಿದ್ಯಾಲಯಗಳು ಕಡೆಗಣಿಸಿರುವುದು ಇದನ್ನೇ.

ಕ್ಯಾಪ್ಸಿಮ್‌ನಂಥ ಹೆಸರಾಂತ ಕಂಪ್ಯೂಟರ್ ಆಟದಲ್ಲಿ ತಂಡದ ಕೈಯಲ್ಲಿ ಹಣ ಮುಗಿದರೆ ತುರ್ತು ಸಾಲ ತಾನಾಗಿ ಬಂದು ಬೀಳುತ್ತದೆ. ಬಡ್ಡಿ ಜಾಸ್ತಿ, ನಿಜ. ಆದರೂ ಮುಂದಿನ ಸುತ್ತು ಖಾತ್ರಿ. ಶಿರಾ, ಮಧುಗಿರಿ ಕಡೆ ಅಂಗಡಿ ಇಡಲು ಹೊರಟವನಿಗೆ ಹಾಗೆ ಬಂದು ಬೀಳುವ ದುಡ್ಡಿಲ್ಲ. ಅಮ್ಮನ ಒಡವೆ ಅಡವಿಡಬೇಕು, ಸ್ತ್ರೀಶಕ್ತಿ ಸಂಘದ ಕಂತು ತಪ್ಪಬಾರದು, ಕಡ ಕೊಂಡೊಯ್ದ ಸೋದರಮಾವನನ್ನು ಕೇಳುವಂತೆಯೂ ಇಲ್ಲ. ಮಳೆ ಕೈಕೊಟ್ಟ ವರ್ಷ ಗಿರಾಕಿಯ ಜೇಬೂ ಬರಿದು. ಸೋತರೆ ಏನು ಹೋಗುತ್ತದೆ ಎಂಬುದನ್ನು ತೋರಿಸದ ಆಟ ಧೈರ್ಯವನ್ನು ಕಲಿಸಬಹುದು, ಎಚ್ಚರವನ್ನು ಕಲಿಸಲಾರದು.

ಇಲ್ಲಿಯದೇ ಲೆಕ್ಕದಿಂದ ಆಟ ಕಟ್ಟುವುದು ಕಷ್ಟವೂ ಅಲ್ಲ. ಪಾವಗಡದ ಸೋಲಾರ್ ಪಾರ್ಕ್ ನೋಡಿ: 2,050 ಮೆಗಾವಾಟ್, ಸುಮಾರು 13,000 ಎಕರೆ, ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ. ಐದು ಎಕರೆಯ ಮನೆಯೊಂದು ನೆಲ ಕೊಡಬೇಕೋ, ಕಡ್ಲೆಕಾಯಿ ಬಿತ್ತಬೇಕೋ? ಗುತ್ತಿಗೆ ಹಣದಲ್ಲಿ ಕುರಿ ಕಟ್ಟಬೇಕೋ, ಎಣ್ಣೆ ಗಾಣ ಹಾಕಬೇಕೋ? ನೆಲವಿಲ್ಲದೆ ಕೂಲಿಗೆ ಹೋಗುತ್ತಿದ್ದ ಪಕ್ಕದ ಮನೆಯವನ ಪಾತ್ರವನ್ನು ಯಾರು ಆಡುತ್ತಾರೆ? ಮಳೆಯನ್ನು ದಾಳ ಹಾಕಿ ತೀರ್ಮಾನಿಸಲಿ, ಬೆಲೆಯನ್ನು ಎಪಿಎಂಸಿ ದರಪಟ್ಟಿಯಿಂದಲೇ ತರಲಿ.

ತುಮಕೂರು ವಿಶ್ವವಿದ್ಯಾಲಯದ ವಾಣಿಜ್ಯ ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟೆ: ಮುಂದಿನ ಸೆಮಿಸ್ಟರ್‌ಗೆ ತಂತ್ರಾಂಶದ ಪರವಾನಗಿ ಕೊಳ್ಳುವ ಮೊದಲು ನಿಮ್ಮ ವಿದ್ಯಾರ್ಥಿಗಳನ್ನು ಒಂದು ವಾರ ಶಿರಾ ಮಂಡಿಗೆ ಕಳಿಸಿ. ಅವರು ಬರೆದು ತಂದ ಲೆಕ್ಕದಿಂದ ಆಟವನ್ನು ಅವರ ಕೈಯಲ್ಲೇ, ಕನ್ನಡದಲ್ಲೇ ಮಾಡಿಸಿ.