ಉತ್ತರ ಗೊತ್ತಿರುವ ಪ್ರಶ್ನೆಗಳು

ಯೋಹಾನನ ಸುವಾರ್ತೆಯ 5ನೇ ಅಧ್ಯಾಯ ಓದಿ ಮುಗಿಯುತ್ತದೆ. ಕೂಟ ನಡೆಸುವವರು ಕೇಳುತ್ತಾರೆ: ಬೆತ್ಸಥಾ ಕೊಳದ ಹತ್ತಿರ ಎಷ್ಟು ಮಂಟಪಗಳಿದ್ದವು? ಐದು. ಆ ರೋಗಿ ಎಷ್ಟು ವರ್ಷದಿಂದ ನರಳುತ್ತಿದ್ದ? 38. ಅವನನ್ನು ವಾಸಿಮಾಡಿದವರು ಯಾರು? ಯೇಸು. ಚಾಪೆಯ ಮೇಲೆ ಕೂತ ಹೆಂಗಸರು, ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಹಿರಿಯರು ಎಲ್ಲರೂ ಒಟ್ಟಿಗೇ ಉತ್ತರ ಕೊಡುತ್ತಾರೆ. ಆಮೇಲೆ ಕೊನೆಯ ಪ್ರಶ್ನೆ: ಇದರಿಂದ ನಾವು ಏನು ಕಲಿಯಬೇಕು? ನಂಬಿಕೆ ಇಡಬೇಕು, ಪ್ರಾರ್ಥನೆ ಮಾಡಬೇಕು. ಹೋದ ವಾರ ಬೇರೆ ಅಧ್ಯಾಯ ಓದಿದಾಗಲೂ ಇದೇ ಉತ್ತರ ಬಂದಿತ್ತು.

ದಾವಣಗೆರೆ, ಹರಿಹರದ ಕ್ರೈಸ್ತ ಮನೆಗಳಲ್ಲಿ ಇಂಥ ಕೂಟಕ್ಕೆ ಹೆಸರು ಹಲವು. ಪ್ರೊಟೆಸ್ಟೆಂಟರಲ್ಲಿ ಮನೆಕೂಟ, ಬೈಬಲ್ ಸ್ಟಡಿ, ಸೆಲ್ ಗ್ರೂಪ್. ಕಥೋಲಿಕರಲ್ಲಿ ಕಿರು ಕ್ರೈಸ್ತ ಸಮುದಾಯ. ಸೇರುವವರ ಭಕ್ತಿಯಲ್ಲಿ ಕೊರತೆಯಿಲ್ಲ. ದಿನವಿಡೀ ದುಡಿದು ಬಂದವರು ರಾತ್ರಿ ಒಂದು ಗಂಟೆ ವಚನಕ್ಕಾಗಿ ಕೂರುತ್ತಾರೆ. ಆ ಗಂಟೆಯನ್ನು ಬರಿದು ಮಾಡುತ್ತಿರುವುದು ಅಲ್ಲಿ ಕೇಳಲಾಗುವ ಪ್ರಶ್ನೆಗಳು.

ಈ ಪ್ರಶ್ನೆಗಳು ಸಂಡೇ ಸ್ಕೂಲಿನಿಂದ ಬಂದವು. ವಚನ ಕಂಠಪಾಠ, ಬೈಬಲ್ ಕ್ವಿಜ್, ಸರಿ ಹೇಳಿದವರಿಗೆ ಬಹುಮಾನ: ಮಕ್ಕಳಿಗೆ ಅದು ಒಳ್ಳೆಯದೇ. ಆದರೆ ಐವತ್ತು ದಾಟಿದವರನ್ನೂ ಅದೇ ಬೆಂಚಿನಲ್ಲಿ ಕೂರಿಸಿದರೆ, ಓದು ಬಾರದ ಅಜ್ಜಿ ಬಾಯಿ ಬಿಡುವುದಿಲ್ಲ, ಓದು ಬಲ್ಲವರು ಮತ್ತೆ ಮತ್ತೆ ಗೆಲ್ಲುತ್ತಾರೆ. ಪ್ರಶ್ನೆ ಕೇಳಿದವರಿಗೂ ಉತ್ತರ ಮೊದಲೇ ಗೊತ್ತು. ಹಾಗಿರುವಾಗ ಅದು ಪರೀಕ್ಷೆಯಾಗುತ್ತದೆ, ಚರ್ಚೆಯಾಗುವುದಿಲ್ಲ.

ಕೂಟದ ಹಳೆಯ ರೂಪ ಹೀಗಿರಲಿಲ್ಲ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾಲಯದ ಸಾಲ ತೀರಿಸಲೆಂದು ಜಾನ್ ವೆಸ್ಲಿಯ ಅನುಯಾಯಿಗಳು ಸುಮಾರು ಹನ್ನೆರಡು ಜನರ ಗುಂಪುಗಳಾಗಿ ವಾರಕ್ಕೊಂದು ಪೆನ್ನಿ ಕೂಡಿಸತೊಡಗಿದರು. ಕಾಸು ಕೂಡಿಸಲು ಮನೆಮನೆಗೆ ಹೋದ ಮುಖಂಡರಿಗೆ ಆ ಮನೆಗಳ ಕಷ್ಟಸುಖ ಕಂಡಿತು. ಗುಂಪಿನ ಮುಖ್ಯ ಪ್ರಶ್ನೆ ‘ನಿಮ್ಮ ಆತ್ಮದ ಸ್ಥಿತಿ ಹೇಗಿದೆ’ ಎಂಬುದಾಯಿತು. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮಿಷನ್‌ನ ಬೇರು ಅಲ್ಲಿದೆ. ದಾವಣಗೆರೆ, ಹರಿಹರ ಎರಡೂ ಆ ಸಂಸ್ಥಾನದ ಊರುಗಳೇ. ಪ್ರಶ್ನೆ ಕೇಳಿ ಒಳಗನ್ನು ತೆರೆಯುವುದು ಈ ನೆಲಕ್ಕೂ ಹೊಸದಲ್ಲ. 15ನೇ ಶತಮಾನದಲ್ಲಿ ರೂಪುಗೊಂಡ ಶೂನ್ಯ ಸಂಪಾದನೆ ಆದ್ಯಂತ ಸಂವಾದವೇ. ಅಕ್ಕಮಹಾದೇವಿಗೆ ಅಲ್ಲಮ ಹಾಕುವ ಸವಾಲುಗಳಲ್ಲಿ ನೆನಪಿನ ಪರೀಕ್ಷೆ ಒಂದೂ ಇಲ್ಲ.

ಮತ್ತೆ ಬೆತ್ಸಥಾಕ್ಕೆ ಬರಬೇಕು. ಹರಿಹರದವರಿಗೆ ಈ ಅಧ್ಯಾಯ ದೂರದ್ದಲ್ಲ. ಊರಿನ ಆರೋಗ್ಯಮಾತೆಯ ಬಸಿಲಿಕಕ್ಕೆ ಸೆಪ್ಟೆಂಬರ್ 8ರ ಹಬ್ಬದ ಹೊತ್ತಿಗೆ ಜಾತಿ ಮತ ನೋಡದೆ ಜನ ಬರುತ್ತಾರೆ. ಎಷ್ಟೋ ಮಂದಿಯ ಹರಕೆ ಕಾಯಿಲೆಯದೇ. ವಾಸಿಯಾಗಲೆಂದು ಕಾಯುವವರ ಗುಂಪು ಹೇಗಿರುತ್ತದೆಂದು ಇಲ್ಲಿಯವರಿಗೆ ಯಾರೂ ವಿವರಿಸಬೇಕಿಲ್ಲ.

ಆ ಕತೆಯಲ್ಲಿ ಯೇಸು ರೋಗಿಯನ್ನು ಕೇಳುವುದು ಒಂದೇ ಪ್ರಶ್ನೆ: ಗುಣವಾಗಲು ಮನಸ್ಸಿದೆಯೇ ಎಂದು. ಇಲ್ಲೊಬ್ಬ ಜಾಣ ಮುಂದಾಳು ನಿಂತುಕೊಂಡು, ‘ಅಕ್ಕಾರೆ, ಅವ ಹೂಂ ಅಂದನಾ, ಊಹೂಂ ಅಂದನಾ? ಇನ್ನೊಮ್ಮೆ ಓದಿ ನೋಡ್ರಿ’ ಎಂದರೆ ಸಾಕು, ಹಾಳೆಗಳು ಸರಿದಾಡುತ್ತವೆ. ಅವನು ಎರಡನ್ನೂ ಹೇಳಿಲ್ಲ. ನೀರು ಕದಡಿದಾಗ ತನ್ನನ್ನು ಇಳಿಸುವವರಿಲ್ಲ, ತಾನು ಹೋಗುವಷ್ಟರಲ್ಲಿ ಇನ್ನೊಬ್ಬ ಇಳಿದಿರುತ್ತಾನೆ ಎಂದು ದೂರುತ್ತಾನೆ. ಯಾಕೆ ನೇರವಾಗಿ ಉತ್ತರಿಸಲಿಲ್ಲ? ಅಷ್ಟು ವರ್ಷದಲ್ಲಿ ಅವನ ಪಕ್ಕ ಯಾರೂ ಇರಲಿಲ್ಲವೇ? ಇವಕ್ಕೆ ಒಂದೇ ಉತ್ತರವಿಲ್ಲ, ಆದರೆ ಬಾಯಿಗೆ ಬಂದದ್ದೆಲ್ಲ ಉತ್ತರವೂ ಆಗುವುದಿಲ್ಲ. ಪ್ರತಿ ಮಾತಿಗೂ ವಚನದ ಆಧಾರ ತೋರಿಸಬೇಕು. ಗಂಡನನ್ನು ಆಸ್ಪತ್ರೆಗೆ ಕರೆದೊಯ್ಯಲು ಜೊತೆಗಾರರಿಲ್ಲದೆ ಒದ್ದಾಡಿದ ಹೆಂಗಸು ಇಲ್ಲಿ ಮೊದಲ ಬಾರಿ ಮಾತಾಡಬಲ್ಲಳು. 38 ಎಂಬ ಸಂಖ್ಯೆಗೂ ಆಗ ತೂಕ ಬರುತ್ತದೆ.

ಕಥೋಲಿಕ ಕೂಟಗಳಿಗೆ ಬೇರೆಯದೇ ಕಟ್ಟುಪಾಡಿದೆ. ದಕ್ಷಿಣ ಆಫ್ರಿಕದ ಲುಮ್ಕೊ ಸಂಸ್ಥೆ ರೂಪಿಸಿದ ಏಳು ಹೆಜ್ಜೆಗಳ ಪದ್ಧತಿ ಏಷ್ಯಾದ ಕಿರು ಸಮುದಾಯಗಳಲ್ಲಿ ಹರಡಿತು: ದೇವರನ್ನು ಆಹ್ವಾನಿಸುವುದು, ಓದುವುದು, ಮನಸ್ಸಿಗೆ ನಾಟಿದ ಪದವನ್ನು ಉಚ್ಚರಿಸುವುದು, ಮೌನ, ಹಂಚಿಕೊಳ್ಳುವುದು, ಮಾಡಬೇಕಾದ ಕೆಲಸದ ಮಾತು, ಪ್ರಾರ್ಥನೆ. ಇದರ ದೊಡ್ಡ ಗುಣ, ಉಪದೇಶ ಮಾಡುವವರಿಗೆ ಜಾಗವಿಲ್ಲ. ಓದು ಬಾರದವರೂ ಒಂದು ಪದ ಹೇಳಬಲ್ಲರು. ಕೊರತೆಯೂ ಅಲ್ಲೇ ಇದೆ. ಪಠ್ಯವನ್ನು ಕೆದಕುವ ಪ್ರಶ್ನೆ ಇಲ್ಲದ್ದರಿಂದ ಹಂಚಿಕೆ ಬೇಗ ಸಾಕ್ಷಿ ಹೇಳುವುದಾಗುತ್ತದೆ, ವಚನ ಹಿಂದೆ ಉಳಿಯುತ್ತದೆ. ಆ ಮೌನಕ್ಕೆ ‘ಅವನು ಏನಂದ’ ಎಂಬಂಥ ಒಂದು ಪ್ರಶ್ನೆ ಸೇರಿದರೆ ಎರಡೂ ಕಡೆಯವರಿಗೆ ಲಾಭ. ಪ್ರೊಟೆಸ್ಟೆಂಟ್ ಮುಂದಾಳುಗಳು ಆ ಮೌನವನ್ನಾದರೂ ಎರವಲು ಪಡೆಯಲಿ. ಪ್ರಶ್ನೆ ಕೇಳಿ ಉಸಿರು ಬಿಡುವಷ್ಟರಲ್ಲಿ ತಾವೇ ಉತ್ತರ ಹೇಳುವುದು ಅವರ ಬಲವಾದ ಅಭ್ಯಾಸ.

ಬೆತ್ಸಥಾದ ಕತೆಯಲ್ಲಿ ಕಷ್ಟದ ಜಾಗ 14ನೇ ವಚನ. ವಾಸಿಯಾದವನನ್ನು ದೇವಾಲಯದಲ್ಲಿ ಕಂಡು ಯೇಸು, ಇನ್ನು ಪಾಪ ಮಾಡಬೇಡ, ಹೆಚ್ಚಿನ ಕೇಡು ಬಂದೀತು ಎಂಬರ್ಥದ ಮಾತು ಹೇಳುತ್ತಾನೆ. ಹೆಚ್ಚಿನ ಕೂಟಗಳು ಇದನ್ನು ಹಾರಿಸುತ್ತವೆ, ಇಲ್ಲವೇ ‘ಕಾಯಿಲೆ ಪಾಪದಿಂದ ಬರುತ್ತದಲ್ಲವೇ?’ ಎಂದು ಕೇಳಿ ಹೂಂ ಅನ್ನಿಸಿಕೊಳ್ಳುತ್ತವೆ. ಕಾಯಿಲೆಯ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತ ತಾಯಿಯ ಎದುರು ಅದು ಕ್ರೂರ ಪ್ರಶ್ನೆ; ಹೌದು ಎನ್ನುವಂತೆ ಹೆಣೆದದ್ದರಿಂದ ಕೆಟ್ಟ ಪ್ರಶ್ನೆಯೂ ಹೌದು. ಅದೇ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಶಿಷ್ಯರು ಹುಟ್ಟುಕುರುಡನನ್ನು ನೋಡಿ, ಪಾಪ ಇವನದೋ ಹೆತ್ತವರದೋ ಎಂದು ಕೇಳುತ್ತಾರೆ. ಯೇಸು ಎರಡನ್ನೂ ಒಪ್ಪುವುದಿಲ್ಲ. ಎರಡು ಭಾಗಗಳನ್ನೂ ಒಟ್ಟಿಗೆ ತೆರೆದಿಟ್ಟು, ‘ಒಬ್ಬನಿಗೆ ಹಾಗೆ, ಇನ್ನೊಬ್ಬನಿಗೆ ಹೀಗೆ ಯಾಕೆ ಹೇಳಿದ?’ ಎಂದು ಕೇಳುವ ಧೈರ್ಯ ಮುಂದಾಳಿಗೆ ಬೇಕು. ಉತ್ತರ ಅವರಿಗೂ ಪೂರ್ತಿ ಗೊತ್ತಿಲ್ಲದಿದ್ದರೆ ಕೂಟದ ಎದುರೇ ಹಾಗೆಂದು ಹೇಳಲಿ. ಮುಂದಿನ ವಾರ 9ನೇ ಅಧ್ಯಾಯವನ್ನೇ ಓದಲಿ.